ಮುಂದಿನ ಚಕ್ರ ಎಳೆಯದಿದ್ದರೆ: ಹಳೆಯ ಪಜೆರೋದ ವ್ಯಾಕ್ಯೂಮ್ ಸೊಲೆನಾಯ್ಡ್ ಬಗ್ಗೆ ಸದಸ್ಯರಿಗೆ ಕೆಲವು ಮಾತು

ಮುಂಗಾರಿಗೆ ಮೊದಲು ಸಂಘದ ಕಚೇರಿಗೆ ಬರುವ ಸದಸ್ಯರು ಮೈಲುತುತ್ತದ ದರ, ಸುಣ್ಣದ ಗುಣ ಇವುಗಳನ್ನು ವಿಚಾರಿಸುವುದು ವಾಡಿಕೆ. ಈಚೆಗೆ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ಫೋರ್ ವೀಲ್ ಬೀಳ್ತಾ ಇಲ್ಲ, ಏನು ಮಾಡೋದು?" ಕೇಳುವವರಲ್ಲಿ ಹೆಚ್ಚಿನವರು ಹಳೆಯ ಪಜೆರೋ ಕೊಂಡವರು. ಒಂದು ಕಾಲಕ್ಕೆ ದೊಡ್ಡ ಎಸ್ಟೇಟುಗಳ ಬಂಗಲೆ ಮುಂದೆ ಮಾತ್ರ ನಿಲ್ಲುತ್ತಿದ್ದ ಈ ಗಾಡಿ ಕೈಯಿಂದ ಕೈಗೆ ದಾಟಿ, ಬೆಲೆ ಇಳಿದು, ಈಗ ನಾಲ್ಕೈದು ಎಕರೆಯವರ ಕೊಟ್ಟಿಗೆಯ ಪಕ್ಕದಲ್ಲೂ ಬಂದು ನಿಂತಿದೆ. ಗಾಡಿ ಅಗ್ಗವಾಗಿ ಸಿಕ್ಕಿತೆಂದ ಮಾತ್ರಕ್ಕೆ ಅದರ ರಿಪೇರಿಯೂ ಅಗ್ಗವೆಂದು ತಿಳಿಯುವ ಹಾಗಿಲ್ಲ. ಆದರೆ ಈ ಒಂದು ರಿಪೇರಿ ಮಾತ್ರ ನಿಜಕ್ಕೂ ಅಗ್ಗದ್ದು, ಎಲ್ಲಿ ಹುಡುಕಬೇಕೆಂದು ಗೊತ್ತಿದ್ದರೆ. ಗೊತ್ತಿಲ್ಲದಿದ್ದರೆ ಒಂದು ಕ್ವಿಂಟಾಲ್ ಅಡಿಕೆ ಮಾರಿದ ಹಣ ಅಲ್ಲಿಗೇ ಹೋಗುತ್ತದೆ. ಹೋದದ್ದನ್ನು ನಾವು ನೋಡಿದ್ದೇವೆ.

ಮಿತ್ಸುಬಿಷಿ ಕಂಪನಿಯವರು ಜಪಾನಿನಲ್ಲಿ ಈ ಎರಡನೆಯ ಪೀಳಿಗೆಯ ಪಜೆರೋವನ್ನು 1991ರಲ್ಲಿ ಹೊರತಂದರು. ನಮ್ಮ ದೇಶಕ್ಕೆ ಅದು ಹಿಂದುಸ್ಥಾನ್ ಮೋಟಾರ್ಸ್ ಮೂಲಕ 2002ರಲ್ಲಿ ಬಂತು. ಇಲ್ಲಿಗೆ ಬಂದದ್ದು 2835 ಸಿ.ಸಿ.ಯ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನಿನದು. ಗೇರ್ ಕಡ್ಡಿಯ ಪಕ್ಕದಲ್ಲಿರುವ ಚಿಕ್ಕ ಕಡ್ಡಿಗೆ ನಾಲ್ಕು ಸ್ಥಾನ. 2ಎಚ್ ಎಂದರೆ ಹಿಂದಿನ ಎರಡು ಚಕ್ರ ಮಾತ್ರ. 4ಎಚ್ ಎಂದರೆ ನಾಲ್ಕೂ ಚಕ್ರ. 4ಎಚ್‌ಎಲ್‌ಸಿ ಎಂದರೆ ನಾಲ್ಕೂ ಚಕ್ರ ಮತ್ತು ನಡುವಿನ ಡಿಫರೆನ್ಷಿಯಲ್ ಲಾಕ್. 4ಎಲ್‌ಎಲ್‌ಸಿ ಎಂದರೆ ಅದೇ, ನಿಧಾನದ ಗೇರಿನಲ್ಲಿ. 2ಎಚ್‌ನಿಂದ 4ಎಚ್‌ಗೆ ಗಂಟೆಗೆ 100 ಕಿಲೋಮೀಟರ್ ವೇಗದವರೆಗೂ ಓಡುತ್ತಿರುವಾಗಲೇ ಹಾಕಬಹುದು ಎನ್ನುವುದು ಇದರ ದೊಡ್ಡ ಅನುಕೂಲ. ಹಳೆಯ ಜೀಪುಗಳಲ್ಲಿ ಫ್ರೀ ವೀಲ್ ಹಬ್ ಹಾಕಿಸಿಕೊಂಡವರು ಪುಷ್ಯ ಮಳೆಯಲ್ಲಿ ಇಳಿದು, ಕೆಸರಲ್ಲಿ ಮಂಡಿಯೂರಿ, ಎರಡೂ ಮುಂಚಕ್ರದ ಹಬ್ಬನ್ನು ಕೈಯಲ್ಲಿ ತಿರುವಬೇಕಿತ್ತು. ಏಳುವಷ್ಟರಲ್ಲಿ ಕಾಲಿಗೆ ಎರಡು ಉಂಬಳ. ಆ ಕಷ್ಟವನ್ನು ತಪ್ಪಿಸಲೆಂದೇ ಪಜೆರೋದಲ್ಲಿ ಒಂದು ಯುಕ್ತಿ ಮಾಡಿದ್ದಾರೆ. ಈಗ ಕೈಕೊಡುತ್ತಿರುವುದೂ ಆ ಯುಕ್ತಿಯೇ.

ಮುಂದಿನ ಎಕ್ಸೆಲಿನ ಒಂದು ಬದಿಯ ಶಾಫ್ಟು ಇಡಿಯದಲ್ಲ, ಎರಡು ತುಂಡು. ಎರಡನ್ನೂ ಕೂಡಿಸಲು ನಡುವೆ ಹಲ್ಲುಗಳಿರುವ ಒಂದು ಬಳೆ ಇದೆ. ಬಳೆ ಒಂದು ಕಡೆಗೆ ಸರಿದರೆ ತುಂಡುಗಳು ಕೂಡುತ್ತವೆ, ಮುಂಚಕ್ರಗಳು ಎಳೆಯುತ್ತವೆ. ಇನ್ನೊಂದು ಕಡೆಗೆ ಸರಿದರೆ ಬಿಡಿಸಿಕೊಳ್ಳುತ್ತವೆ. ಆಗ ಮುಂದಿನ ಪ್ರೊಪೆಲ್ಲರ್ ಶಾಫ್ಟು ಸುಮ್ಮನೆ ತಿರುಗುವ ಕೆಲಸ ತಪ್ಪಿ ಡೀಸೆಲು ಉಳಿಯುತ್ತದೆ, ಸದ್ದೂ ಕಡಿಮೆ. ಈ ಬಳೆಯನ್ನು ಸರಿಸುವುದು ಎಕ್ಸೆಲಿಗೆ ಕಚ್ಚಿಕೊಂಡಿರುವ ಒಂದು ಡಬ್ಬಿ. ಅದಕ್ಕೆ ಆ್ಯಕ್ಚುಯೇಟರ್ ಎನ್ನುತ್ತಾರೆ. ಡಬ್ಬಿಯ ಒಳಗೆ ರಬ್ಬರಿನ ಪೊರೆ, ಪೊರೆಗೆ ಸೇರಿದ ಒಂದು ಕಡ್ಡಿ. ಡಬ್ಬಿಗೆ ಎರಡು ಸಣ್ಣ ಪೈಪು. ಒಂದು ಪೈಪಿನಲ್ಲಿ ಗಾಳಿ ಹೀರಿದರೆ ಪೊರೆ ಆ ಕಡೆಗೆ ಬಾಗಿ ಬಳೆಯನ್ನು ಕೂಡಿಸುತ್ತದೆ, ಇನ್ನೊಂದರಲ್ಲಿ ಹೀರಿದರೆ ಬಿಡಿಸುತ್ತದೆ.

ಗಾಳಿ ಹೀರುವವರು ಯಾರು? ಡೀಸೆಲ್ ಎಂಜಿನಿನಲ್ಲಿ ಪೆಟ್ರೋಲಿನದರಂತೆ ತಾನಾಗಿ ಹೀರಿಕೆ ಸಿಗುವುದಿಲ್ಲ. ಆದ್ದರಿಂದ ಎಂಜಿನ್ ತಿರುಗಿಸುವ ಒಂದು ವ್ಯಾಕ್ಯೂಮ್ ಪಂಪನ್ನು ಇಟ್ಟಿರುತ್ತಾರೆ. ಅದೇ ಪಂಪು ಬ್ರೇಕಿನ ಬೂಸ್ಟರಿಗೂ ಹೀರಿಕೆ ಒದಗಿಸುತ್ತದೆ. ಈ ಮಾತನ್ನು ಸದಸ್ಯರು ನೆನಪಿಡಬೇಕು, ಮುಂದೆ ಮತ್ತೆ ಬರುತ್ತದೆ. ಪಂಪಿನಿಂದ ಹೊರಟ ಪೈಪು ಒಂದು ಚೆಕ್ ವಾಲ್ವ್ ದಾಟಿ ಒಂದು ಸಣ್ಣ ಟ್ಯಾಂಕಿಗೆ, ಅಲ್ಲಿಂದ ಎರಡು ಸೊಲೆನಾಯ್ಡುಗಳಿಗೆ, ಅವುಗಳಿಂದ ಕೆಳಗಿನ ಡಬ್ಬಿಗೆ ಹೋಗುತ್ತದೆ.

ನಮ್ಮ ಸದಸ್ಯರಿಗೆ ಇದನ್ನು ವಿವರಿಸಲು ಬೇರೆ ಹೋಲಿಕೆ ಬೇಕಿಲ್ಲ, ಕೆರೆಯ ದಡದ ಪಂಪ್‌ಸೆಟ್ಟೇ ಸಾಕು. ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಏಳುವುದಿಲ್ಲ. ಡೆಲಿವರಿ ಪೈಪು ತೂತಾದರೆ ನೀರು ಚಿಮ್ಮಿ ತಾನೇ ತೋರಿಸಿಕೊಡುತ್ತದೆ. ಸಕ್ಷನ್ ಪೈಪು ತೂತಾದರೆ ಕಣ್ಣಿಗೆ ಏನೂ ಕಾಣದು, ಒಳಗೆ ಗಾಳಿ ಎಳೆಯುತ್ತಿರುತ್ತದೆ ಅಷ್ಟೆ. ಪಜೆರೋದ ಈ ಏರ್ಪಾಡು ಪೂರ್ತಿ ಸಕ್ಷನ್ ಪೈಪೇ. ಅದರ ಚೆಕ್ ವಾಲ್ವ್ ನಮ್ಮ ಫುಟ್ ವಾಲ್ವಿನ ತಮ್ಮ. ಎಂಜಿನ್ ನಿಂತಾಗ ಅಥವಾ ಏರಿನಲ್ಲಿ ಹೀರಿಕೆ ಕಡಿಮೆಯಾದಾಗ ಟ್ಯಾಂಕಿಯಲ್ಲಿರುವುದು ಹಿಂದಕ್ಕೆ ಹೋಗದ ಹಾಗೆ ಹಿಡಿದಿಡುತ್ತದೆ. ಸೊಲೆನಾಯ್ಡ್ ಎಂದರೆ ಕರೆಂಟಿನಿಂದ ತೆರೆದು ಮುಚ್ಚುವ ಗೇಟ್ ವಾಲ್ವ್. ತಾಮ್ರದ ತಂತಿಯ ಸುರುಳಿ, ಅದರೊಳಗೆ ಕಬ್ಬಿಣದ ಗೂಟ, ಹಿಂದೆ ಒಂದು ಸ್ಪ್ರಿಂಗು. ಕರೆಂಟು ಬಂದಾಗ ಸುರುಳಿ ಅಯಸ್ಕಾಂತವಾಗಿ ಗೂಟವನ್ನು ಎಳೆಯುತ್ತದೆ, ಹೋದಾಗ ಸ್ಪ್ರಿಂಗು ವಾಪಸ್ಸು ತಳ್ಳುತ್ತದೆ. ಅದಕ್ಕೆ ಬಾಯಿ ಮೂರು: ಟ್ಯಾಂಕಿಯಿಂದ ಬರುವುದು ಒಂದು, ಡಬ್ಬಿಗೆ ಹೋಗುವುದು ಒಂದು, ಹೊರಗಾಳಿಗೆ ತೆರೆದದ್ದು ಒಂದು. ಈ ಮೂರನೆಯ ಬಾಯಿಯನ್ನು ಹೆಚ್ಚಿನವರು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಪೊರೆ ಒಂದು ಕಡೆಗೆ ಸರಿಯಬೇಕಾದರೆ ಇನ್ನೊಂದು ಕಡೆಗೆ ಹೊರಗಾಳಿ ನುಗ್ಗಲೇಬೇಕು. ಆ ಬಾಯಿಯಲ್ಲಿ ಧೂಳು ತಡೆಯಲು ಸ್ಪಂಜಿನ ಚೂರು ಇರುತ್ತದೆ. ಕಾಫಿ ಕಣದ ಧೂಳು ತುಂಬಿಯೋ, ಮಣ್ಣಿನ ಗೂಡು ಕಟ್ಟುವ ಕಡಜ ಬಂದು ಮೆತ್ತಿಯೋ ಅದು ಮುಚ್ಚಿಹೋದರೆ, ಸೊಲೆನಾಯ್ಡ್ ಗಟ್ಟಿಯಾಗಿದ್ದರೂ ಬಳೆ ಅಲುಗದು.

ಈಗ ರೋಗದ ಲಕ್ಷಣ. ಡ್ಯಾಶ್‌ಬೋರ್ಡಿನಲ್ಲಿ ಗಾಡಿಯ ಚಿತ್ರವಿದ್ದು ಅದರ ನಾಲ್ಕು ಚಕ್ರಗಳಿಗೆ ಹಸಿರು ದೀಪಗಳಿವೆ. 2ಎಚ್‌ನಲ್ಲಿ ಹಿಂದಿನ ಎರಡು ಮಾತ್ರ ಹೊತ್ತಿರಬೇಕು. 4ಎಚ್ ಹಾಕಿದೊಡನೆ ಮುಂದಿನ ಎರಡು ದೀಪ ಒಂದೆರಡು ಕ್ಷಣ ಮಿನುಗಿ ಸ್ಥಿರವಾಗಬೇಕು. ಸ್ಥಿರವಾಗದೆ ಮಿನುಗುತ್ತಲೇ ಇದ್ದರೆ ಬಳೆ ಕೂಡಿಲ್ಲವೆಂದೋ, ಕೂಡಿದ ಸುದ್ದಿ ದೀಪಕ್ಕೆ ತಲುಪಿಲ್ಲವೆಂದೋ ಅರ್ಥ. 2ಎಚ್‌ಗೆ ತಂದ ಮೇಲೂ ಮುಂದಿನ ದೀಪ ಮಿನುಗುತ್ತಿದ್ದರೆ ಬಳೆ ಬಿಟ್ಟುಕೊಂಡಿಲ್ಲ. ಕೆಲವರು ದೀಪ ಮಿನುಗುವುದನ್ನು ಕಂಡೂ, ಕಡ್ಡಿ ಬಿದ್ದಿದೆಯಲ್ಲ ಎಂಬ ಧೈರ್ಯದಲ್ಲಿ ಏರು ಹತ್ತಿಸಲು ಹೋಗುತ್ತಾರೆ. ಕಡ್ಡಿ ಬಿದ್ದಿರುವುದು ಗೇರ್ ಬಾಕ್ಸಿನ ಪಕ್ಕದ ಟ್ರಾನ್ಸ್‌ಫರ್ ಕೇಸಿನಲ್ಲಿ, ಮುಂದಿನ ಎಕ್ಸೆಲಿನಲ್ಲಿ ಅಲ್ಲ. ಬಳೆ ಬಿಡಿಸಿಕೊಂಡಿದ್ದರೆ ಮುಂಭಾಗಕ್ಕೆ ಹೋದ ಶಕ್ತಿ ಖಾಲಿ ತಿರುಗಿ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ.

ಕಳೆದ ಮಳೆಗಾಲ ನಮ್ಮ ಸದಸ್ಯರೊಬ್ಬರಿಗೆ ಆದದ್ದು ಇದೇ. ಅವರ ಲೈನಿನಲ್ಲಿದ್ದ ಕೆಲಸದಾಕೆಯೊಬ್ಬಳಿಗೆ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡಿತು. ಆರಿದ್ರಾ ಮಳೆ, ಹೊಳೆಯಿಂದ ಮೇಲಕ್ಕೆ ಜೇಡಿಮಣ್ಣಿನ ಏರು. ಗಾಡಿ ಅರ್ಧ ಏರಿ, ಹಿಂಚಕ್ರ ಜಾರಿ, ಅಡ್ಡವಾಗಿ ಧರೆಗೆ ಒರಗಿ ನಿಂತಿತು. ಆಕೆಯನ್ನು ಕಂಬಳಿಯ ಜೋಲಿಯಲ್ಲಿ ಟಾರು ರಸ್ತೆಯವರೆಗೆ ಹೊತ್ತು ತರಬೇಕಾಯಿತು. ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಈ ಸದಸ್ಯರು ಅದಕ್ಕೆ ಎರಡು ತಿಂಗಳ ಹಿಂದೆಯೇ ದೀಪ ಮಿನುಗುವುದನ್ನು ನೋಡಿ ಒಂದು ಗ್ಯಾರೇಜಿಗೆ ತೋರಿಸಿದ್ದರು. "ಗೌಡ್ರೆ, ಬಾಕ್ಸೇ ಕೈ ಕೊಟ್ಟಿದೆ" ಎಂದು ಅಲ್ಲಿ ಹೇಳಿ, ಹಳೆಯ ಗಾಡಿಯೊಂದರಿಂದ ಬಿಚ್ಚಿದ ಟ್ರಾನ್ಸ್‌ಫರ್ ಕೇಸನ್ನು ಕೂರಿಸಿ, ಐದಂಕಿಯ ಬಿಲ್ಲು ಕೊಟ್ಟರು. ದೀಪ ಮಿನುಗುವುದು ನಿಲ್ಲಲಿಲ್ಲ. ಕೊನೆಗೆ ಗಾಡಿಯನ್ನು ಸಂಘದ ಅಂಗಳಕ್ಕೆ ತಂದಾಗ ಕಂಡದ್ದು: ಒಂದು ಸೊಲೆನಾಯ್ಡಿನ ಸುರುಳಿ ಸುಟ್ಟಿತ್ತು, ಇನ್ನೊಂದರ ಪೈಪನ್ನು ಇಲಿ ಕಡಿದಿತ್ತು. ಇದನ್ನು ಯಾವ ಗ್ಯಾರೇಜನ್ನೂ ಹಳಿಯಲು ಬರೆಯುತ್ತಿಲ್ಲ. ಇಪ್ಪತ್ತು ವರ್ಷ ಎಂಜಿನಿನ ಕಾವಿನಲ್ಲಿ ಕೂತ ರಬ್ಬರು ಒಣಗಿ ಬಿರಿಯುವುದು ಯಾವ ಗಾಡಿಯಲ್ಲೂ ಸಹಜ. ದೊಡ್ಡ ಭಾಗವನ್ನು ಬಿಚ್ಚುವ ಮೊದಲು ಸಣ್ಣ ಪೈಪನ್ನು ಪರೀಕ್ಷಿಸಬೇಕೆಂದು ಮೆಕ್ಯಾನಿಕ್‌ಗೆ ಹೇಳುವಷ್ಟು ತಿಳಿವಳಿಕೆ ಗಾಡಿಯ ಯಜಮಾನನಿಗೆ ಇರಬೇಕು, ಅದಕ್ಕಾಗಿ ಈ ಲೇಖನ.

ಪರೀಕ್ಷೆಗೆ ಮುನ್ನ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಶೆಡ್ಡಿನೊಳಗೆ ಬೇಡ, ಹೊಗೆ ತುಂಬುತ್ತದೆ. ಪಂಚೆ ಉಟ್ಟು ಓಡುವ ಎಂಜಿನಿನ ಮೇಲೆ ಬಗ್ಗುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಫ್ಯಾನ್ ಬೆಲ್ಟಿಗೆ ಅಂಚು ಸಿಕ್ಕರೆ ಆಗುವ ಅನಾಹುತ ಬಿಡಿಸಿ ಹೇಳಬೇಕಿಲ್ಲ.

ಮೊದಲು ಬ್ರೇಕ್ ಪೆಡಲನ್ನು ನೋಡಿ. ಎಂಜಿನ್ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಗಟ್ಟಿಯಾದ ಮೇಲೆ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲು ತುಸು ಕೆಳಗಿಳಿಯಬೇಕು. ಇಳಿಯಲಿಲ್ಲವಾದರೆ ಹೀರಿಕೆಯೇ ಇಲ್ಲ. ಪಂಪು ಸೋತಿರಬಹುದು, ದೊಡ್ಡ ಪೈಪು ಒಡೆದಿರಬಹುದು, ಅಥವಾ ಬೂಸ್ಟರೇ ಹೋಗಿರಬಹುದು. ಆಗ ಫೋರ್ ವೀಲ್ ವಿಚಾರ ಬದಿಗಿಟ್ಟು ಬ್ರೇಕನ್ನು ಸರಿಪಡಿಸಬೇಕು. ಚಾರ್ಮಾಡಿಯ ಇಳುಕಲಿನಲ್ಲಿ ಪೆಡಲು ಕಲ್ಲಾದರೆ ನಾಲ್ಕು ಚಕ್ರ ಎಳೆದರೂ ಪ್ರಯೋಜನವಿಲ್ಲ.

ಪೆಡಲು ಸರಿಯಿದ್ದರೆ ಟ್ಯಾಂಕಿಯಿಂದ ಸೊಲೆನಾಯ್ಡಿಗೆ ಬರುವ ಪೈಪನ್ನು ಸೊಲೆನಾಯ್ಡಿನ ತುದಿಯಲ್ಲಿ ಬಿಡಿಸಿ, ಎಂಜಿನ್ ಓಡುತ್ತಿರುವಾಗ ಹೆಬ್ಬೆರಳು ಇಡಿ. ಬೆರಳನ್ನು ಬಿಗಿಯಾಗಿ ಕಚ್ಚಿ ಎಳೆಯಬೇಕು. ಬೆರಳು ತೆಗೆಯದೆ ಎಂಜಿನ್ ನಿಲ್ಲಿಸಲು ಹೇಳಿ, ಕೆಲವು ನಿಮಿಷ ಕಾಯಿರಿ. ಹಿಡಿತ ಹಾಗೆಯೇ ಉಳಿದರೆ ಟ್ಯಾಂಕಿ, ಚೆಕ್ ವಾಲ್ವ್ ಎರಡೂ ಸರಿ. ಎಂಜಿನ್ ನಿಂತೊಡನೆ ಸಡಿಲವಾದರೆ ಚೆಕ್ ವಾಲ್ವ್ ಹೋಗಿದೆ ಅಥವಾ ಟ್ಯಾಂಕಿಯ ಕಡೆಯ ಪೈಪು ಬಿರಿದಿದೆ. ಗೇಜು ಇಟ್ಟು ಅಳೆಯುವವರಿಗೆ ಒಂದು ಸೂಚನೆ. ಪುಸ್ತಕಗಳಲ್ಲಿರುವ ಅಂಕಿಗಳು ಸಮುದ್ರಮಟ್ಟಕ್ಕೆ ಹತ್ತಿರದ ಊರುಗಳಿಗೆ ಹೊಂದುವಂಥವು. ಸಮುದ್ರಮಟ್ಟದಲ್ಲಿ ವಾಯುಭಾರ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್. 1000 ಮೀಟರ್ ಎತ್ತರದ ನಮ್ಮ ತೋಟಗಳಲ್ಲಿ ಅದು ಸುಮಾರು 675. ಇರುವ ಗಾಳಿಯೇ ಅಷ್ಟು ಕಡಿಮೆಯಾದ್ದರಿಂದ ಅತ್ಯುತ್ತಮ ಪಂಪು ಕೂಡ ಇಲ್ಲಿ ಮಂಗಳೂರಿನಲ್ಲಿ ತೋರಿಸುವುದಕ್ಕಿಂತ 80 ಮಿಲಿಮೀಟರಿನಷ್ಟು ಕಡಿಮೆ ತೋರಿಸುತ್ತದೆ. ಗೇಜಿನ ಮುಳ್ಳು ಪುಸ್ತಕದ ಅಂಕಿ ಮುಟ್ಟಲಿಲ್ಲವೆಂದು ಪಂಪು ಬದಲಿಸಲು ಹೊರಡಬಾರದು.

ಮೂರನೆಯ ಪರೀಕ್ಷೆಯೇ ಮುಖ್ಯವಾದದ್ದು. ಬಿಡಿಸಿದ ಪೈಪನ್ನು ಮೊದಲು ಅದರ ಜಾಗಕ್ಕೆ ಹಾಕಿ. ಡಬ್ಬಿಗೆ ಇಳಿಯುವ ಎರಡು ಪೈಪುಗಳನ್ನು ಸೊಲೆನಾಯ್ಡುಗಳಿಂದ ಬಿಡಿಸಿ. ಬಿಡಿಸುವ ಮುಂಚೆ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ, ಅವು ಕೂತಿದ್ದ ಸೊಲೆನಾಯ್ಡಿಗೂ ಅದೇ ಬಣ್ಣದ ಗುರುತು ಮಾಡಿ. ಎಂಜಿನ್ ಓಡಲಿ. ಒಬ್ಬರು ಒಳಗೆ ಕುಳಿತು ಕಡ್ಡಿಯನ್ನು 2ಎಚ್‌ನಿಂದ 4ಎಚ್‌ಗೆ, ಮತ್ತೆ 2ಎಚ್‌ಗೆ ಹಾಕಲಿ. ನೀವು ಎರಡು ಬೆರಳನ್ನು ಎರಡು ಸೊಲೆನಾಯ್ಡಿನ ಬಾಯಿಗೆ ಇಟ್ಟುಕೊಳ್ಳಿ. ಹೀರಿಕೆ ಒಂದರಿಂದ ಇನ್ನೊಂದಕ್ಕೆ ಬದಲಾಗಬೇಕು. ಬದಲಾದರೆ ಸೊಲೆನಾಯ್ಡುಗಳು ಒಳ್ಳೆಯವೇ, ದೋಷ ಕೆಳಗಿದೆ. ಒಂದರಲ್ಲೇ ಹೀರಿಕೆ ನಿಂತುಬಿಟ್ಟರೆ ಅಥವಾ ಎರಡರಲ್ಲೂ ಸುಳಿವಿಲ್ಲದಿದ್ದರೆ ದೋಷ ಸೊಲೆನಾಯ್ಡಿನಲ್ಲಿ, ಇಲ್ಲವೇ ಅದಕ್ಕೆ ಬರುವ ಕರೆಂಟಿನಲ್ಲಿ. ಕಡ್ಡಿ ಹಾಕಿದ ಮೇಲೂ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳು ಕೆಲವೊಮ್ಮೆ ಕೂಡಿರುವುದಿಲ್ಲ. ಕಲ್ಲು ತೆಗೆದು ಗಾಡಿಯನ್ನು ಒಂದೆರಡು ಮಾರು ಮುಂದೆ ಹಿಂದೆ ಮಾಡಿ ಇನ್ನೊಮ್ಮೆ ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಕರೆಂಟು ನೋಡಲು ಮಲ್ಟಿಮೀಟರ್ ಬೇಕು. ಟ್ರ್ಯಾಕ್ಟರಿಗೆ ಬಳಸುವ ದೊಡ್ಡ ಬಲ್ಬಿನ ಟೆಸ್ಟರ್ ಇಲ್ಲಿ ಸಲ್ಲದು, ಗಾಡಿಯ ಕಂಪ್ಯೂಟರ್ ಪೆಟ್ಟಿಗೆಗೆ ಅದರ ಭಾರ ಬೀಳುತ್ತದೆ. ಮೀಟರಿನ ಎರಡು ಮೊನೆಗಳನ್ನೂ ಕನೆಕ್ಟರಿನ ಎರಡು ಕಾಲಿಗೇ ಹಿಡಿಯಿರಿ. ಒಂದನ್ನು ಬಾಡಿಗೆ ಹಿಡಿದು ನೋಡಿದರೆ ತಪ್ಪು ದಾರಿಗೆ ಬೀಳುವ ಸಂಭವವಿದೆ, ಏಕೆಂದರೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರು ಹಿಡಿದು ಬಿಡುವುದು ಅರ್ತಿಂಗ್ ಕಡೆಯ ತಂತಿಯನ್ನು. 4ಎಚ್‌ಗೂ 2ಎಚ್‌ಗೂ 12 ವೋಲ್ಟು ಬಂದು ಹೋಗುತ್ತಿದ್ದು ಸೊಲೆನಾಯ್ಡು 'ಟಿಕ್' ಎನ್ನದಿದ್ದರೆ ಅದು ಸತ್ತಿದೆ. ವೋಲ್ಟೇ ಬರದಿದ್ದರೆ ಮೊದಲು ಕನೆಕ್ಟರಿನೊಳಗೆ ಇಣುಕಿ. ಮಳೆಗಾಲದ ತೇವಕ್ಕೆ ತಾಮ್ರ ಕಿಲುಬು ಹಿಡಿದು ಮೈಲುತುತ್ತದ ಬಣ್ಣಕ್ಕೆ ತಿರುಗಿರುತ್ತದೆ, ಕೆರೆದು ಹಾಕಿದರೆ ಅಲ್ಲಿಗೇ ಗುಣವಾಗುವುದುಂಟು. ನಂತರ ಕನೆಕ್ಟರ್ ಕಳಚಿದ ಸೊಲೆನಾಯ್ಡುಗಳ ಓಮ್ ಅಳೆಯಿರಿ. ಇಂಥವು ಸಾಮಾನ್ಯವಾಗಿ 40 ಓಮಿನ ಆಸುಪಾಸು ತೋರಿಸುತ್ತವೆ. ಅಂಕಿಗಿಂತ ಹೋಲಿಕೆ ಮುಖ್ಯ. ಎರಡೂ ಒಂದೇ ಸಮ ತೋರಿಸಿದರೆ ಸುರುಳಿ ಸರಿ, ಒಂದು ಏನೂ ತೋರಿಸದಿದ್ದರೆ ಅದರ ತಂತಿ ಹರಿದಿದೆ.

ದೋಷ ಕೆಳಗಿದೆಯೋ ಎಂದು ತಿಳಿಯಲು ಇನ್ನೊಂದು ಸರಳ ದಾರಿಯಿದೆ. ಕಡ್ಡಿ 2ಎಚ್‌ನಲ್ಲಿರಲಿ, ಎಂಜಿನ್ ನಿಂತಿರಲಿ, ನಾಲ್ಕೂ ಚಕ್ರ ನೆಲದ ಮೇಲೆಯೇ ಇರಲಿ, ಜಾಕ್ ಬೇಡ. ಕೆಳಗೆ ನುಸುಳಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸಿದರೆ ತಿರುಗಬೇಕು, ಬಳೆ ಬಿಡಿಸಿಕೊಂಡಿದೆ ಎಂದರ್ಥ. ಈಗ ಕೂಡಿಸುವ ಪೈಪಿಗೆ ಟ್ಯಾಂಕಿಯ ಪೈಪನ್ನು ನೇರವಾಗಿ ಜೋಡಿಸಿ, ಇನ್ನೊಂದು ಪೈಪನ್ನು ತೆರೆದಿಡಿ. ಟ್ಯಾಂಕಿಯಲ್ಲಿ ಉಳಿದ ಹೀರಿಕೆಯೇ ಸಾಕಾಗುತ್ತದೆ. ಶಾಫ್ಟನ್ನು ಮೆಲ್ಲಗೆ ಆಚೀಚೆ ಆಡಿಸಿದಾಗ ಹಲ್ಲು ಕೂಡಿ ಶಾಫ್ಟು ಬಿಗಿಯಾದರೆ ಡಬ್ಬಿ, ಪೊರೆ, ಬಳೆ ಎಲ್ಲವೂ ಆರೋಗ್ಯ. ಹೀಗೆ ಕೂಡಿದ್ದೂ ಓಡಿಸುವಾಗ ದೀಪ ಮಾತ್ರ ಮಿನುಗುತ್ತಿದ್ದರೆ ಎಕ್ಸೆಲಿನ ಮೇಲಿರುವ ಸ್ವಿಚ್ಚಿನದು ತಪ್ಪು. ಜೋಡಿಸಿದ ಕೂಡಲೇ ಹೀರಿಕೆ ಸೋರಿಹೋದರೆ ಪೊರೆ ಹರಿದಿದೆ, ಅಥವಾ ಕೆಳಗಿನ ಪೈಪು ಬಿರಿದಿದೆ. ಪೈಪಿನ ತುದಿಗಳನ್ನು ಮೊದಲು ನೋಡಿ, ಬಿರಿಯುವುದು ಅಲ್ಲಿಯೇ.

ಸೊಲೆನಾಯ್ಡೇ ಹೋಗಿದೆ ಎಂದು ಖಾತ್ರಿಯಾದ ಮೇಲೆ ಬದಲಿಸುವ ಕೆಲಸ ಅರ್ಧ ಗಂಟೆಯದು. ಬ್ಯಾಟರಿಯ ಮೈನಸ್ ತಂತಿ ಕಳಚಿ. ಪೈಪುಗಳನ್ನು ಎಳೆದು ಕೀಳಬೇಡಿ. ಹಳೆಯ ರಬ್ಬರು ಪ್ಲಾಸ್ಟಿಕ್ ಮೂತಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಮೂತಿಯೇ ಮುರಿಯುತ್ತದೆ. ಮೆಲ್ಲಗೆ ತಿರುಚಿ ಸಡಿಲಿಸಿ. ಜಗ್ಗದಿದ್ದರೆ ತುದಿಯಿಂದ ಒಂದು ಅಂಗುಲ ಬ್ಲೇಡಿನಲ್ಲಿ ಸೀಳಿ ಬಿಡಿಸಿ, ಹೇಗೂ ಆ ತುದಿ ಕತ್ತರಿಸಬೇಕಾದದ್ದೇ. ಒಂದು ಪೈಪನ್ನು ಬಿಡಿಸಿದೊಡನೆ ಅದನ್ನು ಹೊಸದರ ಅದೇ ಬಾಯಿಗೆ ಹಾಕಿ, ಆಮೇಲೆ ಎರಡನೆಯದಕ್ಕೆ ಕೈ ಹಚ್ಚಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ಆಮೇಲೆ ಜೋಡಿಸುತ್ತೇನೆನ್ನುವ ಸಾಹಸ ಬೇಡ. ಎರಡು ಸೊಲೆನಾಯ್ಡುಗಳೂ ಅವಳಿಗಳಂತೆ ಕಾಣುತ್ತವೆ. ಪೈಪುಗಳು ಅದಲುಬದಲಾದರೆ ಗಾಡಿ 2ಎಚ್‌ನಲ್ಲಿ ಬಳೆ ಕೂಡಿಸಿಕೊಂಡು, 4ಎಚ್‌ನಲ್ಲಿ ಬಿಡಿಸಿಕೊಳ್ಳುತ್ತದೆ. ಬೇಕಾದಾಗ ಇಲ್ಲ, ಬೇಡವಾದಾಗ ಇದೆ ಎನ್ನುವ ಸ್ಥಿತಿ.

ಹೊಸ ಸೊಲೆನಾಯ್ಡು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು, ಶಿವಾಜಿನಗರದ ಗುಜರಿಯಲ್ಲಿ ಬಳಸಿದ್ದು ಸಿಕ್ಕರೂ ಸಿಗಬಹುದು. ಮೂರು ಬಾಯಿಯ 12 ವೋಲ್ಟಿನ ಇಂಥ ಸೊಲೆನಾಯ್ಡು ಬೇರೆ ಎಷ್ಟೋ ಗಾಡಿಗಳಲ್ಲಿ ಬೇರೆ ಬೇರೆ ಕೆಲಸಕ್ಕೆ ಇರುತ್ತದೆ, ಆದ್ದರಿಂದ 'ಅದೇ ಸಾರ್, ಇದೂ ಒಂದೇ' ಎಂದು ಅಂಗಡಿಯವರು ಕೊಡುತ್ತಾರೆ. ಒಂದೇ ಹೌದೋ ಅಲ್ಲವೋ ಎನ್ನುವುದನ್ನು ಅಲ್ಲೇ ಊದಿ ನೋಡಿ ತಿಳಿಯಿರಿ. ಕರೆಂಟಿಲ್ಲದಾಗ ಯಾವ ಬಾಯಿಯಿಂದ ಯಾವ ಬಾಯಿಗೆ ಗಾಳಿ ಹೋಗುತ್ತದೆ, ಬ್ಯಾಟರಿಗೆ ಒಂದು ಕ್ಷಣ ತಾಗಿಸಿದಾಗ ಯಾವುದಕ್ಕೆ ಹೋಗುತ್ತದೆ ಎನ್ನುವುದು ಹಳೆಯ ಜೋಡಿಯಲ್ಲಿ ಇನ್ನೂ ಕೆಲಸ ಮಾಡುತ್ತಿರುವುದನ್ನು ನೋಡಿಕೊಂಡೇ ಗೊತ್ತಾಗುತ್ತದೆ ಎಂದುಕೊಳ್ಳಬೇಡಿ. ಅವಳಿಗಳ ಕೆಲಸ ಒಂದೇ ಆಗಿರಬೇಕೆಂದಿಲ್ಲ. ಸತ್ತದ್ದರ ಮೈಮೇಲಿನ ನಂಬರು, ಬಣ್ಣ ಹೊಂದಿಸುವುದೇ ಕ್ಷೇಮ. ಸತ್ತ ಸೊಲೆನಾಯ್ಡಿನಲ್ಲೂ ಕರೆಂಟಿಲ್ಲದಾಗಿನ ದಾರಿಯನ್ನು ಊದಿ ನೋಡಬಹುದು, ಹೊಸದು ಅದಕ್ಕೆ ಹೊಂದಬೇಕು.

ಪೈಪಿನ ವಿಚಾರದಲ್ಲಿ ನಮ್ಮವರು ಮಾಡುವ ಉಳಿತಾಯ ದುಬಾರಿಯಾದದ್ದು. ಹನಿ ನೀರಾವರಿಯ ಪೈಪು, ಸ್ಪ್ರೇಯರಿನ ತುಂಡು, ಮೀನಿನ ತೊಟ್ಟಿಯ ಟ್ಯೂಬು ಇವುಗಳನ್ನು ಹಾಕಿದ ಗಾಡಿಗಳನ್ನು ಕಂಡಿದ್ದೇವೆ. ಅವು ಒಳಗಿನಿಂದ ಒತ್ತಡ ತಡೆಯಲು ಮಾಡಿದವು. ಹೀರಿಕೆಗೆ ಸಿಕ್ಕರೆ, ಅದರಲ್ಲೂ ಎಂಜಿನಿನ ಕಾವಿಗೆ ಮೆತ್ತಗಾದ ಮೇಲೆ, ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ದಪ್ಪ ಗೋಡೆಯ ವ್ಯಾಕ್ಯೂಮ್ ಪೈಪೆಂದೇ ಕೇಳಿ, ಹಳೆಯ ತುಂಡು ತೋರಿಸಿ ಒಳ ಅಳತೆ ಹೊಂದಿಸಿಕೊಳ್ಳಿ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಪೈಪನ್ನೂ ಒಂದೇ ಸಲ ಬದಲಿಸಿದರೆ ಒಳ್ಳೆಯದು. ಒಂದು ಬಿರಿದಿದ್ದರೆ ಅದರ ಜೊತೆ ಹುಟ್ಟಿದವೂ ಬಿರಿಯುವ ದಿನ ದೂರವಿಲ್ಲ. ಗಾಡಿ ನಿಲ್ಲುವ ಶೆಡ್ಡಿನಲ್ಲಿ ಭತ್ತವೋ ಹಿಂಡಿಯೋ ಇಟ್ಟವರಿಗೆ ಇಲಿಯ ಕಾಟ ತಪ್ಪದು, ಅಂಥವರು ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡಬೇಕು.

ನಡುದಾರಿಯಲ್ಲಿ ಕೈಕೊಟ್ಟರೆ? ಮೇಲೆ ಪರೀಕ್ಷೆಗೆ ಹೇಳಿದ ಉಪಾಯವೇ ಆಪತ್ತಿಗೂ ಆಗುತ್ತದೆ. ಟ್ಯಾಂಕಿಯ ಪೈಪನ್ನು ಕೂಡಿಸುವ ಪೈಪಿಗೆ ನೇರವಾಗಿ ಸೇರಿಸಿ. ಇನ್ನೊಂದು ಪೈಪಿನ ಬಾಯಿಗೆ ಕಸ ಹೋಗದಂತೆ ತೆಳ್ಳಗಿನ ಬಟ್ಟೆ ಸಡಿಲವಾಗಿ ಕಟ್ಟಿ. ಬಿರಡೆ ಹಾಕಬಾರದು, ಹಾಕಿದರೆ ಗಾಳಿ ಸಿಕ್ಕಿಕೊಂಡು ಪೊರೆ ಸರಿಯುವುದಿಲ್ಲ. ಖಾಲಿಯಾದ ಸೊಲೆನಾಯ್ಡಿನ ಬಾಯಿಗಳ ಚಿಂತೆ ಬೇಡ. ಇದರಿಂದ ಬಳೆ ಸದಾ ಕೂಡಿಯೇ ಇರುತ್ತದೆ. 2ಎಚ್‌ನಲ್ಲಿ ಓಡಿಸಿದರೆ ಮುಂದಿನ ಶಾಫ್ಟು ಸುಮ್ಮನೆ ತಿರುಗುತ್ತದೆ, ಡೀಸೆಲು ತುಸು ಹೆಚ್ಚು ಕುಡಿಯುತ್ತದೆ, ದೀಪ ಮಿನುಗುತ್ತಿರುತ್ತದೆ. ಅದಕ್ಕಿಂತ ಹೆಚ್ಚಿನ ಹಾನಿಯಿಲ್ಲ. ಒಂದು ಇಡೀ ಮಳೆಗಾಲ ಹೀಗೆಯೇ ಕಳೆದ ಗಾಡಿ ನಮ್ಮ ಪಕ್ಕದ ಊರಿನಲ್ಲಿದೆ. ಆದರೆ ಪೊರೆ ಹರಿದ ಡಬ್ಬಿಗೆ ಈ ಉಪಾಯ ಮಾಡಬಾರದು. ಮೊದಲು ಹೇಳಿದ ಹಾಗೆ ಹೀರಿಕೆ ಬ್ರೇಕಿಗೂ ಒಂದೇ ಪಂಪಿನದು. ಸದಾ ಸೋರುವ ಪೈಪನ್ನು ಪಂಪಿಗೆ ಕಟ್ಟಿಕೊಂಡು ಘಾಟಿ ಇಳಿಯುವುದು ಬೇಡ.

ಬೇರೆ ಗಾಡಿಯವರು ಈ ಲೇಖನವನ್ನು ಹಾಗೆಯೇ ಅನ್ವಯಿಸಿಕೊಳ್ಳಬಾರದು. ಕೆಲವು ಗಾಡಿಗಳಲ್ಲಿ ಈ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ. ಅಮೆರಿಕದಲ್ಲಿ ಓಡುವ ಫೋರ್ಡ್ ಎಫ್-150 ಪಿಕಪ್ಪುಗಳಲ್ಲಿ, 2004ರ ನಂತರದವುಗಳಲ್ಲಿ, ಲೆಕ್ಕ ಪೂರಾ ತಿರುಗುಮುರುಗು. ಅಲ್ಲಿ ಹೀರಿಕೆ ಇರುವಷ್ಟು ಹೊತ್ತು ಮುಂಚಕ್ರಗಳು ಬಿಡುಗಡೆ, ಹೀರಿಕೆ ಹೋದರೆ ತಾವಾಗಿ ಕೂಡಿಕೊಳ್ಳುತ್ತವೆ. ಪೈಪು ಅರ್ಧ ಸೋರಿದರೆ ಹಲ್ಲುಗಳು ಅರ್ಧ ಕೂಡಿ ಕರಕರ ಸದ್ದು ಮಾಡುತ್ತವೆ. ಒಂದೇ ಬಗೆಯ ಸೊಲೆನಾಯ್ಡು, ಒಂದೇ ಬಗೆಯ ಪೈಪು, ರೋಗಲಕ್ಷಣ ಮಾತ್ರ ತದ್ವಿರುದ್ಧ.

ಬದಲಿಸಿ ಮುಗಿದ ಮೇಲೆ ಟಾರು ರಸ್ತೆಯಲ್ಲಲ್ಲ, ಮಣ್ಣಿನ ರಸ್ತೆಯಲ್ಲಿ ಓಡಿಸಿ ನೋಡಿ. 4ಎಚ್ ಹಾಕಿ ದೀಪ ಸ್ಥಿರವಾಗುವುದನ್ನು, 2ಎಚ್‌ಗೆ ತಂದಾಗ ಆರುವುದನ್ನು ನಾಲ್ಕೈದು ಸಲ ಪರೀಕ್ಷಿಸಿ. ಬೇಸಿಗೆಯಲ್ಲೂ ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಬಳೆ, ಪೊರೆ, ಸೊಲೆನಾಯ್ಡಿನ ಗೂಟ ಯಾವುದೂ ಜಡ್ಡುಗಟ್ಟುವುದಿಲ್ಲ.

ಆಡಳಿತ ಮಂಡಳಿಯ ಒಪ್ಪಿಗೆಯಂತೆ ಈ ಮಳೆಗಾಲದಿಂದ ಸಂಘದ ಗೋದಾಮಿನಲ್ಲಿ ಎರಡು ಸೊಲೆನಾಯ್ಡು, ಒಂದು ಚೆಕ್ ವಾಲ್ವ್, ಹತ್ತು ಮೀಟರ್ ವ್ಯಾಕ್ಯೂಮ್ ಪೈಪು ಮತ್ತು ಒಂದು ಮಲ್ಟಿಮೀಟರ್ ಇಟ್ಟಿದ್ದೇವೆ. ಪೈಪನ್ನು ಕೊಂಡ ದರಕ್ಕೇ ಕೊಡಲಾಗುವುದು. ಸೊಲೆನಾಯ್ಡನ್ನು ತುರ್ತಿಗೆ ಒಯ್ದವರು ಹೊಸದನ್ನು ತರಿಸಿ ಹದಿನೈದು ದಿನದೊಳಗೆ ಹಿಂದಿರುಗಿಸಬೇಕು, ಇನ್ನೊಬ್ಬರಿಗೆ ಬೇಕಾಗುವುದು ಯಾವ ರಾತ್ರಿಯೋ ಹೇಳಲಾಗದು. ಮಲ್ಟಿಮೀಟರನ್ನು ಕಚೇರಿಯ ವೇಳೆಯಲ್ಲಿ ಗುಮಾಸ್ತರ ಬಳಿ ಸಹಿ ಹಾಕಿ ಒಯ್ಯಬಹುದು, ಸಂಜೆಯೊಳಗೆ ವಾಪಸ್ಸು ಬರಬೇಕು.